ಇನ್ವರ್ಟರ್ ಯಾವುದು ಅಂತ ಕೇಳಿದ್ದಕ್ಕೆ ಅತ್ತೆಯ ಉತ್ತರ

ಪುಟ್ಟಿ, ನೀನು ಬೆಳಿಗ್ಗೆ ಹಾಕಿದ್ದು ಈಗ ಓದಿದೆ. ಟೈಪ್ ಮಾಡೋಕೆ ನನ್ನ ಕೈಲಿ ಆಗಲ್ಲ, ಮಾತಾಡೇ ಬಿಡ್ತೀನಿ, ಉದ್ದ ಆಗತ್ತೆ, ಎಲ್ಲರೂ ಕೇಳಿ. ಶಿವಮೊಗ್ಗದ ಅಂಗಡಿಯವರು ಎರಡು ಇನ್ವರ್ಟರ್ ತೋರಿಸಿದಾರೆ. ಒಂದಕ್ಕೆ ಪರದೆ ಇದೆ, ಮೊಬೈಲಲ್ಲೇ ಎಲ್ಲ ಸೆಟಿಂಗ್ ಬದಲಾಯಿಸಬಹುದು, ಸೋಲಾರೂ ಸೇರಿಸಬಹುದು. ಇನ್ನೊಂದಕ್ಕೆ ಒಂದು ಬಟನ್ನು, ಮೂರು ಲೈಟು, ಅಷ್ಟೆ. ಮಳೆ ಹಿಡಿಯೋದ್ರೊಳಗೆ ಹಾಕಿಸಬೇಕು, ಅಪ್ಪ ಅಮ್ಮ ಇಬ್ಬರೇ ಇರೋದು, ಕರೆಂಟು ಹೋದ್ರೆ ಫೋನೂ ಸಿಗಲ್ಲ, ಯಾವುದು ತಗೊಳ್ಳಲಿ ಅತ್ತೆ ಅಂತ ಕೇಳಿದೀಯ. ಹೆದರಬೇಡ. ಅಣ್ಣನ ಮನೆ ಎಲ್ಲಿದೆ ಅಂತ ನಂಗೆ ಹೇಳೋದೇನು ಬೇಡ, ನಾನು ಹುಟ್ಟಿದ ಮನೆ. ಹೊಸನಗರ ದಾಟಿ ಬಿದನೂರು ನಗರದ ಕಡೆ ಹೋಗೋ ಲೈನು ಪೂರ್ತಿ ಕಾಡೊಳಗೆ, ಒಂದು ಮರ ಬಿತ್ತು ಅಂದ್ರೆ ಕಂಬದ ಮೇಲೆ ಕಂಬ.

ನಮ್ಮನೇಲಿ ಆಗಿದ್ದು ನೆನಪಿದೆ ತಾನೆ? ಗೊತ್ತಿಲ್ಲದೋರು ಕೇಳಿ, ಇದು ಕೇಳ್ಲೇಬೇಕು. ನಮ್ಮನೆಗೆ ಹಾಕಿಸಿದ್ದು ಆ ಪರದೆ ಇರೋ ಸೋಲಾರ್ ಜಾತೀದೇ. ಮಾಡಿನ ಮೇಲೆ ಒಂದು ಪ್ಯಾನೆಲ್, 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್, ಎಷ್ಟು ಕರೆಂಟು ಹಿಡಿಯತ್ತೆ ಅನ್ನೋ ಲೆಕ್ಕ) ಟ್ಯೂಬುಲರ್ ಬ್ಯಾಟರಿ, ಅಂದ್ರೆ ಕೊಳವೆ ಥರದ ಪ್ಲೇಟಿರೋ, ನೀರು ಹಾಕೋ ಸೀಸದ ಬ್ಯಾಟರಿ. ದೀಪಾವಳಿಗೆ ಬೆಂಗಳೂರಿಂದ ನಮ್ಮ ಮೈದುನನ ಮಗ ಬಂದ. ಬಿಲ್ ಕಮ್ಮಿ ಬರ್ಲಿ ಅಂತ ಕೂತು ಸೆಟಿಂಗ್ ಮಾಡಿದ. ಒಂದನೇ ನಂಬರಿನಲ್ಲಿ ಎಸ್‌ಬಿಯು ಅಂತ ಇಟ್ಟ, ಅಂದ್ರೆ ಮನೆಗೆ ಮೊದಲು ಸೋಲಾರು, ಸಾಲದಿದ್ರೆ ಬ್ಯಾಟರಿ, ಅದೂ ಮುಗಿದ್ರೆ ಮಾತ್ರ ಲೈನ್ ಕರೆಂಟು. ಹದಿನಾರನೇ ನಂಬರಿನಲ್ಲಿ ಒಎಸ್‌ಒ ಅಂತ ಇಟ್ಟ, ಬ್ಯಾಟರಿ ಚಾರ್ಜ್ ಆಗೋದು ಬರೀ ಸೋಲಾರಿಂದ. ಮಗಾ, ನೀನೂ ಈ ಗ್ರೂಪಲ್ಲಿದೀಯ, ನಿನ್ನ ಬೈತಿಲ್ಲ. ಕಾರ್ತಿಕದಿಂದ ಬೇಸಿಗೆವರೆಗೆ ಅದು ಸರಿಯಾದ ಸೆಟಿಂಗೇ. ಬಿಲ್ಲೂ ಇಳೀತು.

ಆದ್ರೆ ಆರಿದ್ರಾ ಹಿಡೀತು, ಪುನರ್ವಸು ಬಂತು, ಪುಷ್ಯ ಬಂತು. ನಮ್ಮ ಕಡೆ ದಟ್ಟ ಮೋಡ ಕೂತ್ರೆ ಪ್ಯಾನೆಲ್ ಕೊಡೋದು ಅದರ ಶಕ್ತೀಲಿ ಹತ್ತರಲ್ಲಿ ಒಂದು ಪಾಲೋ ಎರಡು ಪಾಲೋ. ಬ್ಯಾಟರಿಗೆ ಏನು ಸೇರತ್ತೆ ಅದರಲ್ಲಿ? ಲೈನಿನಲ್ಲಿ ಕರೆಂಟು ಇದ್ರೂ ಅದು ರಾತ್ರಿ ಮನೆ ನಡೆಸ್ತಾ ಇದ್ದಿದ್ದು ಬ್ಯಾಟರಿಯಿಂದ. 11.5 ವೋಲ್ಟಿಗೆ ಇಳಿದ ಮೇಲೆ ಲೈನಿಗೆ ಹೋಗೋದು, ಅಷ್ಟು ಹೊತ್ತಿಗೆ ಬ್ಯಾಟರಿ ಹೆಚ್ಚುಕಮ್ಮಿ ಮುಕ್ಕಾಲು ಖಾಲಿ. ಮಾರನೇ ದಿನ ಒಂಚೂರು ಬೆಳಕು ಬಿದ್ದು ವೋಲ್ಟೇಜು ಮೇಲೇರಿದ ಕೂಡಲೇ ಪುನಃ ಬ್ಯಾಟರಿಗೇ ವಾಪಸ್ಸು. ಲೈನಿಂದ ಚಾರ್ಜ್ ಮಾಡ್ಬೇಡ ಅಂತ ಅದಕ್ಕೆ ಹೇಳಿಟ್ಟಾಗಿದೆಯಲ್ಲ, ಅದು ಹೇಳಿದಂಗೆ ಕೇಳ್ತಾ ಕೂತಿತ್ತು. ಮಳೆಗಾಲ ಪೂರ್ತಿ ಬ್ಯಾಟರಿ ಒಂದು ದಿನವೂ ತುಂಬಲಿಲ್ಲ.

ಸೀಸದ ಬ್ಯಾಟರಿ ಅರೆಹೊಟ್ಟೇಲಿ ವಾರಗಟ್ಲೆ ನಿಂತ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಅದು ಕರಗಲ್ಲ. ಹೊರಗಿಂದ ಏನೂ ಕಾಣಲ್ಲ, ಸರಿಯಾಗಿ ಒಣಗದ ಅಡಿಕೆ ಚೀಲಕ್ಕೆ ತುಂಬಿದಂಗೆ, ಬಿಚ್ಚಿದಾಗಲೇ ಬೂಸ್ಟು ಗೊತ್ತಾಗೋದು. ಆಮೇಲೆ ಗಾಳಿಮಳೆಗೆ ಲೈನ್ ಹರಿದು ಬಿತ್ತು, ಕರೆಂಟು ಹೋಯ್ತು, ನೋಡಿದ್ರೆ ಇನ್ವರ್ಟರ್ ಅರ್ಧ ಗಂಟೇಲಿ ಕೀಂ ಕೀಂ ಅಂತು. ಇಡೀ ವರ್ಷ ಅದನ್ನ ಸಾಕಿದ್ದೇ ಆ ರಾತ್ರಿಗೆ! ವಾರಂಟಿಗೆ ಅಂತ ಬಂದ ಹುಡುಗ ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಹೈಡ್ರೋಮೀಟರ್ ಹಾಕಿ ನೋಡಿದ. ತುಂಬಿದ ಟ್ಯೂಬುಲರ್ ಬ್ಯಾಟರೀಲಿ ಆ ಗಟ್ಟಿತನ, ಗ್ರಾವಿಟಿ ಅಂತಾರೆ, 1240ರ ಹತ್ರ ಇರ್ಬೇಕು, ಎಲ್ಲ ಸೆಲ್ಲಲ್ಲೂ ಕಮ್ಮಿ ಇತ್ತು. ಚಾರ್ಜ್ ಮಾಡದೆ ಬಿಟ್ಟಿದ್ದು, ವಾರಂಟಿ ಬರಲ್ಲ ಅಂತ ಬರ್ದು ಕೊಟ್ಟು ಹೋದ.

ಅದಕ್ಕೇ ಹೇಳೋದು ಪುಟ್ಟಿ, ಆ ಮನೇಲಿ ಇರೋರ ಕೈಲಿ ಬದಲಾಯಿಸೋಕೆ ಆಗದ ಸೆಟಿಂಗು ಇರೋ ಪೆಟ್ಟಿಗೆ ಅಣ್ಣನ ಮನೆಗೆ ಬೇಡ. ಅದು ಕೆಟ್ಟ ಸಾಮಾನು ಅಂತಲ್ಲ. ವರ್ಷಕ್ಕೆ ಎರಡು ಸಲ, ಮಿರ್ಗದ ಮಳೆ ಹೊತ್ತಿಗೆ ಒಂದ್ಸಲ, ದೀಪಾವಳಿ ಹೊತ್ತಿಗೆ ಒಂದ್ಸಲ, ಅದರ ಮುಂದೆ ನಿಂತು ಬದಲಾಯಿಸೋರು ಇದ್ರೆ ಒಳ್ಳೇದೇ. ಮಳೆಗಾಲಕ್ಕೆ ಒಂದನೇದು ಲೈನ್ ಮೊದಲು ಅಂತ ಇರ್ಬೇಕು, ಹದಿನಾರನೇದು ಸೋಲಾರ್, ಲೈನ್ ಎರಡರಿಂದಲೂ ಚಾರ್ಜ್ ಅಂತ ಇರ್ಬೇಕು. ಎರಡೇ ಬದಲಾವಣೆ. ಆದ್ರೆ ಅಣ್ಣ ಕನ್ನಡಕ ಹಾಕ್ಕೊಂಡು ಟಾರ್ಚ್ ಬಿಟ್ಟು ಆ ಮೂರಕ್ಷರ ಓದಿ, ಬಟನ್ನು ಒತ್ತಿ ಹಿಡಿದು, ನಂಬರು ಎಣಿಸಿ, ಅದೆಲ್ಲ ಆಗೋ ಮಾತಾ? ಮೊಬೈಲಲ್ಲಿ ನಾನೇ ಇಲ್ಲಿಂದ ಮಾಡ್ತೀನಿ ಅಂತ ನೀನು ಅಂದ್ಕೊಳ್ತೀಯ. ಅದಕ್ಕೆ ಅಲ್ಲಿ ಇಂಟರ್ನೆಟ್ ಇರ್ಬೇಕು. ನೀನು ಬದಲಾಯಿಸಬೇಕು ಅನ್ನೋ ಹೊತ್ತಿಗೇ ಫೈಬರ್ ಲೈನಿನ ಮೇಲೂ ಮರ ಬಿದ್ದಿರತ್ತೆ.

ಇದೊಂದು ನಂಗೆ ಬಹಳ ಬೇಜಾರು. ಎಟಿಎಂನಲ್ಲಿ ಕನ್ನಡ ಬರತ್ತೆ, ಮೊಬೈಲಲ್ಲಿ ಬರತ್ತೆ. ಹಳ್ಳಿ ಮನೆಗೆ ಅಂತಲೇ ಮಾರೋ ಈ ಪೆಟ್ಟಿಗೇಲಿ ಮಾತ್ರ ಮೂರಕ್ಷರದ ಗುಟ್ಟು. ಜೊತೆಗೆ ಬರೋ ಪುಸ್ತಕದಲ್ಲೂ ಕನ್ನಡ ಇಲ್ಲ. ದುಡ್ಡು ಕೊಡೋರು ನಾವು, ಕತ್ತಲಲ್ಲಿ ಕೂರೋರು ನಾವು. ಹಬ್ಬಕ್ಕೆ ಬರೋ ಮಕ್ಕಳು ಒಬ್ಬೊಬ್ಬರು ಒಂದೊಂದು ಚೆಂದ ಮಾಡಿ ಹೋಗ್ತಾರೆ. ಟೀವಿಗೆ ಹೊಸ ಪೆಟ್ಟಿಗೆ, ವೈಫೈಗೆ ಹೊಸ ಪಾಸ್‌ವರ್ಡ್, ಗೇಟಿಗೆ ಕ್ಯಾಮೆರಾ. ಪ್ರೀತಿಯಿಂದಲೇ ಮಾಡ್ತೀರಿ, ಅದು ಗೊತ್ತು. ಒಂದು ಚೀಟೀಲಿ ಏನು ಮಾಡಿದೆ ಅಂತ ಬರೆದಿಟ್ಟು ಹೋದೋರು ಒಬ್ಬರೂ ಇಲ್ಲ. ನೀವು ಬಸ್ಸು ಹತ್ತಿದ ಮೇಲೆ ಆ ಮನೇಲಿ ಉಳಿಯೋದು ಇಬ್ಬರು ವಯಸ್ಸಾದೋರು. ಏನಾದ್ರೂ ನಿಂತ್ರೆ ನಮಗೇ ತಿಳಿಯಲಿಲ್ಲ ಅಂತ ಸುಮ್ಮನೆ ನುಂಗ್ಕೊಳ್ತಾರೆ, ನಿಮಗೆ ಫೋನ್ ಕೂಡ ಮಾಡಲ್ಲ. ಅತ್ತಿಗೆ ನಿಂಗೆ ಹೇಳಿದಾರಾ, ಆ ಕ್ಯಾಮೆರಾ ನಿಂತು ಎಷ್ಟು ದಿನ ಆಯ್ತು ಅಂತ? ಹೇಳಿರಲ್ಲ.

ಇನ್ನೊಂದ್ಸಲ ಹೇಳ್ತೀನಿ, ಇರೋರ ಕೈಲಿ ಬದಲಾಯಿಸೋಕೆ ಆಗದ ಸೆಟಿಂಗು ಆ ಮನೆಗೆ ಬೇಡ.

ಅಯ್ಯೋ, ನೀನು ಕೇಳಿದ್ದು ಏನು ತಗೊಳ್ಳೋದು ಅಂತ, ನಾನು ಎಲ್ಲೋ ಹೋದೆ. ಬರ್ಕೋ. ಒಂದು ಬಟನ್ನಿನದ್ದೇ ತಗೋ, ಅದರ ಶಕ್ತಿ 900 ವಿಎ ಇದ್ರೆ ಸಾಕು, ಲೈನಿನ ಥರಾನೇ ನಯವಾದ ಕರೆಂಟು ಕೊಡೋ ಪ್ಯೂರ್ ಸೈನ್‌ವೇವ್ ಅಂತಲೇ ಕೇಳು. ಸ್ಕ್ವೇರ್‌ವೇವ್ ಆದ್ರೆ ಫ್ಯಾನು ಗುಂಯ್ ಅನ್ನತ್ತೆ. ಬ್ಯಾಟರಿ 150 ಎಎಚ್ ಟಾಲ್ ಟ್ಯೂಬುಲರ್. ಮಳೆಗಾಲದಲ್ಲಿ ಫ್ಯಾನ್ ಯಾರು ಹಾಕ್ತಾರೆ ಅಲ್ಲಿ? 9 ವ್ಯಾಟಿನ ಬಲ್ಬು ಮೂರು, ಫೈಬರ್ ಪೆಟ್ಟಿಗೆ 12 ವ್ಯಾಟ್, ಇನ್ವರ್ಟರ್ ತಾನೇ ತಿನ್ನೋದು ಒಂದು 15-20 ವ್ಯಾಟ್, ಎಲ್ಲ ಸೇರಿ 60. ಬ್ಯಾಟರೀಲಿ ಲೆಕ್ಕಕ್ಕೆ 1800 ವ್ಯಾಟ್ ಅವರ್ ಇದ್ರೂ ಕೈಗೆ ಸಿಗೋದು 1200 ಅಂತ ಇಟ್ಕೋ. ಇಪ್ಪತ್ತು ಗಂಟೆ ನಡೀತು. ಬೇಸಿಗೇಲಿ ಹಳೇ ಫ್ಯಾನು ಎರಡು ಹಾಕಿದ್ರೆ ಅದೇ ಬ್ಯಾಟರಿ ಆರು ಗಂಟೆ. ಫ್ರಿಜ್ಜು, ಮಿಕ್ಸಿ, ಬಾವಿ ಪಂಪು ಯಾವುದೂ ಅದರ ಲೈನಿಗೆ ಬೇಡ, ವೈರಿಂಗ್ ಮಾಡೋವಾಗಲೇ ಬೇರೆ ಮಾಡಿಸು.

ಬಟನ್ ಒಂದೇ ಅಂದ್ರೂ ಅದರ ಬೆನ್ನಿಗೆ ಸಣ್ಣ ಸ್ವಿಚ್ಚು ಎರಡು ಇರತ್ತೆ, ಅದನ್ನ ಹಾಕಿಸೋ ದಿನವೇ ನೋಡ್ಬೇಕು. ಒಂದು ಬ್ಯಾಟರಿ ಜಾತಿ. ಟ್ಯೂಬುಲರ್ ಕಡೆಗೇ ಇರ್ಬೇಕು. ನೀರು ಹಾಕದ ಸೀಲ್ಡ್ ಬ್ಯಾಟರಿ ಕಡೆಗಿದ್ರೆ ಚಾರ್ಜಿಂಗ್ ವೋಲ್ಟೇಜು ಕಮ್ಮಿ ಆಗಿ ಇದೂ ಪೂರ್ತಿ ತುಂಬಲ್ಲ, ನಮ್ಮನೆ ಗತಿಯೇ ಆಗತ್ತೆ. ಇನ್ನೊಂದು ಯುಪಿಎಸ್ಸಾ ಇಕೋನಾ ಅನ್ನೋದು. ಯುಪಿಎಸ್ ಕಡೆ ಇಟ್ರೆ ಲೈನು ಸುಮಾರು 180 ವೋಲ್ಟಿಗಿಂತ ಕೆಳಗೆ ಇಳಿದ ಕೂಡಲೇ ಬ್ಯಾಟರಿಗೆ ಹಾರತ್ತೆ, ಚಾರ್ಜೂ ನಿಲ್ಲತ್ತೆ. ಬೇಸಿಗೇಲಿ ಎಲ್ಲ ತೋಟದ ಪಂಪೂ ಒಟ್ಟಿಗೆ ಓಡೋವಾಗ ನಮ್ಮ ಕಡೆ ವೋಲ್ಟೇಜು ಎಷ್ಟಿರತ್ತೆ ಅಂತ ನಿಂಗೇ ಗೊತ್ತು. ಇಕೋ ಕಡೆ ಇಟ್ರೆ 100ರ ಹತ್ರದವರೆಗೂ ಲೈನಲ್ಲೇ ಇರತ್ತೆ. ಬದಲಾಗೋವಾಗ ಒಂದು ಕ್ಷಣ ಮಿಣುಕು ಅನ್ನತ್ತೆ, ಕಂಪ್ಯೂಟರ್ ಇದ್ರೆ ಆಫ್ ಆಗಬಹುದು. ಅಲ್ಲಿ ಕಂಪ್ಯೂಟರ್ ಇಲ್ಲ, ಇಕೋನೇ ಇಡಿ. ಇಟ್ಟ ಮೇಲೆ ಎರಡರ ಮೇಲೂ ಟೇಪ್ ಅಂಟಿಸಿ, ಕನ್ನಡದಲ್ಲಿ ಬರೀರಿ.

ಬ್ಯಾಟರಿಗೆ ಹಾಕೋ ನೀರು ಡಿಸ್ಟಿಲ್ಡ್ ವಾಟರೇ. ಬಾವಿ ನೀರು ಬೇಡ, ನಮ್ಮ ಕಡೆ ನೀರಲ್ಲಿ ಕಬ್ಬಿಣದ ಅಂಶ ಇರತ್ತೆ. ಮಾಡಿನಿಂದ ಇಳಿಯೋ ಮಳೆ ನೀರೂ ಬೇಡ, ಅಣ್ಣ ಹಿಡಿದಿಟ್ಟು ಹಾಕೋದ್ರೊಳಗೆ ಈಗಲೇ ಹೇಳು. ಆಸಿಡ್ ಅಂತೂ ಯಾವ ಕಾರಣಕ್ಕೂ ಹಾಕಬಾರದು, ಕಮ್ಮಿ ಆಗೋದು ನೀರು ಮಾತ್ರ. ಆರು ಮುಚ್ಚಳದಲ್ಲಿ ನೀರಿನ ಮಟ್ಟ ತೋರಿಸೋ ತೇಲುಕಡ್ಡಿ ಎರಡು ತಿಂಗಳಿಗೊಮ್ಮೆ ನೋಡಿದ್ರೆ ಸಾಕು, ಕೆಂಪು ಗೆರೆ ಮುಟ್ಟೋ ಮೊದಲು ಹಾಕೋದು, ಮೇಲಿನ ಗೆರೆ ದಾಟಿಸಬಾರದು. ಟರ್ಮಿನಲ್ಲಿಗೆ ವ್ಯಾಸಲೀನ್ ಸವರೋದು. ಬ್ಯಾಟರಿ ಇಡೋದು ನೆಲಕ್ಕೆ ತಾಗದಂಗೆ ಹಲಗೆ ಮೇಲೆ, ತೇವ ಹಿಡಿಯೋ ಗೋಡೆಯಿಂದ ದೂರ, ಗಾಳಿ ಆಡೋ ಕಡೆ. ದೇವರ ಕೋಣೆ ಪಕ್ಕ ಬೇಡವೇ ಬೇಡ, ಚಾರ್ಜ್ ಆಗೋವಾಗ ಹೈಡ್ರೋಜನ್ ಬರತ್ತೆ, ಅಲ್ಲಿ ದೀಪ ಉರೀತಿರತ್ತೆ. ಇನ್ವರ್ಟರಿನ ಫ್ಯಾನಿನ ಕಂಡಿಯೊಳಗೆ ಹಲ್ಲಿ, ಇರುವೆ ಹೋಗಿ ಬೋರ್ಡು ಸುಡೋದು ನಮ್ಮ ಕಡೆ ಬಹಳ. ಸುತ್ತ ಸಾಮಾನು ಪೇರಿಸ್ಬೇಡಿ, ಆಗಾಗ ಗುಡಿಸಿ.

ಸಿಡಿಲಿಗೆ ಆಷಾಢದ ಮಳೆಗಿಂತ ಏಪ್ರಿಲ್ ಮೇ ತಿಂಗಳ ಮಳೆ, ಅಕ್ಟೋಬರಿನ ಮಳೆ ಜಾಸ್ತಿ ಅಪಾಯ. ಗುಡುಗು ಕೇಳಿದ ಕೂಡಲೇ ಇನ್ವರ್ಟರಿನ ಮೂರು ಪಿನ್ನಿನ ಪ್ಲಗ್ ಕಿತ್ತು ಬಿಡೋದು. ಲೈಟು ಆರಲ್ಲ, ಬ್ಯಾಟರೀಲಿ ನಡೀತಾ ಇರತ್ತೆ. ಇದು ಅತ್ತಿಗೆಗೆ ಹೇಳಿ ಕೊಡು, ಅಣ್ಣ ಮರೀತಾನೆ. ಮಳೆ ಬಿಟ್ಟ ಮೇಲೆ ಪುನಃ ಹಾಕೋದು ಮರೀಬಾರದು, ಇಲ್ಲದಿದ್ರೆ ಬ್ಯಾಟರಿ ಪೂರ್ತಿ ಇಳಿದು ಹೋಗತ್ತೆ. ಅರ್ಥಿಂಗ್ ಬಚ್ಚಲು ನೀರು ಹೋಗೋ ಕಡೆ ಹೊಸದಾಗಿ ಮಾಡಿಸಿ, ಇದ್ದಿಲು ಉಪ್ಪು ಹಾಕಿ. ಆ ಜಂಬಿಟ್ಟಿಗೆ ನೆಲ ಬೇಸಿಗೇಲಿ ಒಣಗಿದ್ರೆ ಅರ್ಥ್ ಇದ್ದೂ ಇಲ್ಲದಂಗೆ. ಎಲೆಕ್ಟ್ರಿಷಿಯನ್ ಕೈಲೇ ನೋಡಿಸಿ.

ಲೈನ್ ಹರಿದು ಬಿದ್ದಿದ್ದು ಕಂಡ್ರೆ ಹತ್ರ ಹೋಗಬಾರದು, ಮೆಸ್ಕಾಂಗೆ 1912ಕ್ಕೆ ಫೋನ್.

ಬ್ಯಾಟರಿ ತಗೊಳ್ಳೋವಾಗ ತಯಾರಾದ ತಿಂಗಳು ಕೇಳು, ಅಂಗಡೀಲಿ ಮೂರ್ನಾಲ್ಕು ತಿಂಗಳು ಕೂತಿದ್ದು ಬೇಡ. ಸೀರಿಯಲ್ ನಂಬರು ಬಿಲ್ಲಿನಲ್ಲಿ, ವಾರಂಟಿ ಕಾರ್ಡಿನಲ್ಲಿ ಎರಡರಲ್ಲೂ ಬರೆಸಿ ಫೋಟೋ ತೆಗೆದು ಗ್ರೂಪಿಗೆ ಹಾಕು. ಹಾಕಿದ ದಿನ ರಾತ್ರಿಯೇ ಪರೀಕ್ಷೆಗೆ ಅಂತ ಮೇನ್ ಆಫ್ ಮಾಡ್ಬೇಡಿ, ಮೊದಲು ಒಂದು ಹನ್ನೆರಡು ಗಂಟೆ ಸುಮ್ಮನೆ ಚಾರ್ಜಿಗೆ ಬಿಡಿ.