ತಲೆಗೆ ಪೆಟ್ಟಾಗಿ ಒಂದೂವರೆ ತಿಂಗಳಾಯ್ತು, ಸ್ಕ್ಯಾನ್ ನಾರ್ಮಲ್, ಆದ್ರೂ ತಲೆನೋವು ಬಿಡ್ತಿಲ್ಲ: ತಜ್ಞರ ಉತ್ತರಗಳು

ಪ್ರಶ್ನೆ (ಜೆ.ಪಿ. ನಗರ): ನನ್ನ ತಮ್ಮ ಸ್ಕೂಟರ್‌ನಿಂದ ಬಿದ್ದು ಆರು ವಾರ ಆಯ್ತು. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು, ‘ಕನ್ಕಷನ್ (ಪೆಟ್ಟಿಗೆ ಮೆದುಳು ಅಲುಗಿದೆ), ರೆಸ್ಟ್ ತಗೊಳ್ಳಿ’ ಅಂದ್ರು. ಈಗಲೂ ತಲೆನೋವು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ರೂಮೇ ಗಿರ್ ಅಂತ ತಿರುಗುತ್ತಂತೆ. ಲ್ಯಾಪ್‌ಟಾಪ್ ಮುಂದೆ ಅರ್ಧ ಗಂಟೆ ಕೂತರೆ ಕಣ್ಣು ಎಳೆಯುತ್ತೆ. ಹೆಚ್ಚುಕಡಿಮೆ ದಿನಾ ಒಂದು ನೋವಿನ ಮಾತ್ರೆ. ಕಿಟಕಿ ಪರದೆ ಎಳೆದು ಮಲಗೇ ಇರ್ತಾನೆ. ಎಂಆರ್‌ಐ ಮಾಡಿಸಬೇಕಾ ಡಾಕ್ಟ್ರೇ?

ಉತ್ತರ (ನರರೋಗ ತಜ್ಞೆ): ಮೊದಲು ಅಪಾಯದ ಲಕ್ಷಣ ಏನಾದರೂ ಇದೆಯಾ ನೋಡಿಕೊಳ್ಳಿ. ದಿನದಿಂದ ದಿನಕ್ಕೆ ಏರುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಮಾತು ತೊದಲುವುದು, ಒಂದು ಕಡೆಯ ಕೈ ಕಾಲಿಗೆ ಶಕ್ತಿ ಇಲ್ಲದಿರುವುದು, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರುವುದು – ಇವುಗಳಲ್ಲಿ ಒಂದಿದ್ದರೂ ಇಲ್ಲಿ ಕೇಳುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಇವ್ಯಾವುದೂ ಇಲ್ಲದೆ, ಡಾಕ್ಟರ್ ಪರೀಕ್ಷೆ ಮಾಡಿದಾಗಲೂ ಎಲ್ಲ ಸರಿಯಿದ್ದರೆ ಎಂಆರ್‌ಐಯಿಂದ ಚಿಕಿತ್ಸೆ ಬದಲಾಗುವುದು ಅಪರೂಪ. ಸಿಟಿ ಸ್ಕ್ಯಾನಿನಲ್ಲಿ ಕಾಣುವುದು ರಕ್ತಸ್ರಾವ, ಮೂಳೆ ಬಿರುಕು. ಕನ್ಕಷನ್‌ನಲ್ಲಿ ಕೆಡುವುದು ಮೆದುಳು ಕೆಲಸ ಮಾಡುವ ರೀತಿ. ಅದು ಚಿತ್ರದಲ್ಲಿ ಬೀಳುವುದಿಲ್ಲ. ಹಾಗಾಗಿ ‘ಸ್ಕ್ಯಾನ್ ನಾರ್ಮಲ್, ಇವನು ನಾಟಕ ಮಾಡ್ತಿದಾನೆ’ ಅಂತ ಮನೆಯಲ್ಲಿ ಯಾರೂ ಅನ್ನಬೇಡಿ. ಅವರ ನೋವು ನಿಜ.

ದೊಡ್ಡವರಲ್ಲಿ ಹೆಚ್ಚಿನವರಿಗೆ ತಿಂಗಳೊಳಗೆ ವಾಸಿಯಾಗುತ್ತದೆ. ನಾಲ್ಕು ವಾರ ದಾಟಿತು ಅಂದರೆ ಕಾಯುವ ಕಾಲ ಮುಗಿಯಿತು, ಕಾರಣ ಹುಡುಕುವ ಕಾಲ ಬಂತು. ಇಷ್ಟು ದಿನವಾದ ಮೇಲೆ ಉಳಿಯುವ ತೊಂದರೆ ಒಂದೇ ಕಾಯಿಲೆಯಲ್ಲ, ಮೂರು ನಾಲ್ಕು ತೊಂದರೆಗಳ ಗಂಟು. ನೀವು ಬರೆದದ್ದರಲ್ಲೇ ನನಗೆ ಕಾಣುವುದು: ಮಗ್ಗುಲಾದಾಗ ಸುತ್ತುವುದು ಒಳಕಿವಿಯದು, ಲ್ಯಾಪ್‌ಟಾಪ್ ಮುಂದಿನ ಎಳೆತ ಕಣ್ಣುಗಳ ಹೊಂದಾಣಿಕೆಯದು, ದಿನಾ ಮಾತ್ರೆ ನುಂಗುವುದು ಮುಂದೆ ತಾನೇ ಒಂದು ತಲೆನೋವಿಗೆ ಕಾರಣವಾಗಬಹುದು. ಬಿದ್ದಾಗ ಕತ್ತೂ ಉಳುಕಿರುತ್ತದೆ, ತಲೆಯ ಹಿಂಭಾಗದಿಂದ ಏರುವ ನೋವಿಗೆ ಬಹಳ ಸಲ ಅದೇ ಮೂಲ. ಒಂದೊಂದಕ್ಕೂ ಬೇರೆ ಪರೀಕ್ಷೆ, ಬೇರೆ ಚಿಕಿತ್ಸೆ ಇದೆ.

ಮಾತ್ರೆಯ ಲೆಕ್ಕ ಗಮನಿಸಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನ್ ಬೆರೆಸಿದ ಮಾತ್ರೆ ಅಥವಾ ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್‌ಗಳನ್ನು 10 ದಿನ ಅಥವಾ ಹೆಚ್ಚು – ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರುತ್ತದೆ. ನಿಮ್ಮ ತಮ್ಮ ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಆ ದಾರಿಯಲ್ಲಿದ್ದಾರೆ. ವಾರಕ್ಕೆ ಎರಡು ದಿನಕ್ಕೆ ಇಳಿಸಲಿ, ಯಾವ ದಿನ ಯಾವ ಮಾತ್ರೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಇಳಿಸಿದ ಮೊದಲ ಕೆಲವು ದಿನ ನೋವು ಜಾಸ್ತಿಯಾಗಬಹುದು. ಹೆದರಿ ಮತ್ತೆ ಶುರು ಮಾಡಿದರೆ ಸುಳಿ ಬಿಡುವುದಿಲ್ಲ. ಮೈಗ್ರೇನ್ ಥರದ ನೋವಾದರೆ ತಡೆಯುವ ಔಷಧ ಬೇರೆ ಇದೆ, ಅದನ್ನು ರೋಗಿಯನ್ನು ನೋಡಿಯೇ ಬರೆಯಬೇಕು.

ತಲೆಸುತ್ತಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೊಡುವ ಪ್ರೊಕ್ಲೋರ್‌ಪೆರಜಿನ್, ಸಿನರಿಜಿನ್‌ಗಳನ್ನು ವಾರಗಟ್ಟಲೆ ನುಂಗಬೇಡಿ. ಅವು ಒಳಕಿವಿಯಿಂದ ಮೆದುಳಿಗೆ ಹೋಗುವ ಸಂಕೇತವನ್ನು ಮಂಕು ಮಾಡುತ್ತವೆ, ಮೆದುಳು ಹೊಂದಿಕೊಳ್ಳುವುದು ಅಷ್ಟು ತಡವಾಗುತ್ತದೆ.

ಪೂರ್ತಿ ವಿಶ್ರಾಂತಿ ಬೇಕಿರುವುದು ಮೊದಲ 24ರಿಂದ 48 ಗಂಟೆ ಮಾತ್ರ. ಆಮೇಲೂ ಕತ್ತಲೆಯಲ್ಲಿ ಮಲಗಿದರೆ ಬೆಳಕು, ಸದ್ದು ಇನ್ನಷ್ಟು ಚುಚ್ಚುತ್ತವೆ, ರಾತ್ರಿ ನಿದ್ದೆಯೂ ಕೆಡುತ್ತದೆ. ಇವತ್ತೇ ಪರದೆ ಸ್ವಲ್ಪ ಸರಿಸಿ. ಮನೆಯೊಳಗೆ ಕೂಲಿಂಗ್ ಗ್ಲಾಸ್ ಬೇಡ. ಬೆಳಿಗ್ಗೆ ಏಳುವ ಹೊತ್ತು ದಿನಾ ಒಂದೇ ಇರಲಿ, ಮಧ್ಯಾಹ್ನದ ಮೇಲೆ ಕಾಫಿ ಬಿಡಲಿ, ವಾಸಿಯಾಗುವ ತನಕ ಮದ್ಯ ಬೇಡವೇ ಬೇಡ.

ಉತ್ತರ (ಫಿಸಿಯೋಥೆರಪಿಸ್ಟ್, ತಲೆಸುತ್ತು ಮತ್ತು ಸಮತೋಲನ): ಮಗ್ಗುಲಾದಾಗ ಬಂದು, ಒಂದು ನಿಮಿಷದೊಳಗೆ ನಿಲ್ಲುವ ಸುತ್ತು ಇದ್ದರೆ ಮೊದಲ ಅನುಮಾನ ಬಿಪಿಪಿವಿ ಅನ್ನುವ ಒಳಕಿವಿಯ ತೊಂದರೆ. ಪೆಟ್ಟಿಗೆ ಒಳಕಿವಿಯ ಸಣ್ಣ ಸುಣ್ಣದ ಹರಳುಗಳು ಜಾಗ ಬಿಟ್ಟು ಅರ್ಧವರ್ತುಲದ ನಾಳಕ್ಕೆ ಸೇರುತ್ತವೆ. ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಯಲ್ಲಿ ಕಣ್ಣುಗುಡ್ಡೆ ಮಿಡಿಯುವ ರೀತಿ ನೋಡಿ ಯಾವ ಕಿವಿ ಅಂತ ಹೇಳಬಹುದು. ಚಿಕಿತ್ಸೆ ಎಪ್ಲಿ ವಿಧಾನ. ತೊಂದರೆಯ ಕಡೆಗೆ ತಲೆಯನ್ನು 45 ಡಿಗ್ರಿ ತಿರುಗಿಸಿ, ತಲೆ ಸ್ವಲ್ಪ ಕೆಳಗೆ ಇಳಿಯುವಂತೆ ಬೇಗ ಮಲಗಿಸುವುದು. ಸುತ್ತು ನಿಂತ ಮೇಲೂ ಅರ್ಧ ನಿಮಿಷ ಕಾದು ತಲೆಯನ್ನು 90 ಡಿಗ್ರಿ ಇನ್ನೊಂದು ಕಡೆಗೆ. ಮತ್ತೆ ಕಾದು, ಅದೇ ಕಡೆಗೆ ಮೈಯನ್ನೂ ಹೊರಳಿಸಿ ಮೂಗು ನೆಲ ನೋಡುವಂತೆ. ಆಮೇಲೆ ಮೆಲ್ಲಗೆ ಎಬ್ಬಿಸಿ ಕೂರಿಸುವುದು. ಒಂದೆರಡು ಸಲಕ್ಕೇ ಅನೇಕರಿಗೆ ಹೋಗುತ್ತದೆ. ವಿಡಿಯೋ ನೋಡಿ ಮನೆಯಲ್ಲಿ ಮೊದಲ ಸಲ ಮಾಡಬೇಡಿ. ಕಿವಿ ಯಾವುದೆಂದು ತಪ್ಪಿದರೆ ಫಲವಿಲ್ಲ, ಬಿದ್ದವರಿಗಂತೂ ಕತ್ತಿಗೆ ಅಪಾಯವಿಲ್ಲ ಅಂತ ಖಾತ್ರಿಯಾದ ಮೇಲೇ ಮಾಡಬೇಕು.

ಎರಡನೆಯದು ನಡಿಗೆ. ಇದೇ ಮುಖ್ಯ ಔಷಧ, ಆದರೆ ಅಳತೆ ಬೇಕು. ನಾವು ಟ್ರೆಡ್‌ಮಿಲ್ ಮೇಲೆ ಒಂದೇ ವೇಗದಲ್ಲಿ ನಡೆಸಿ ನಿಮಿಷಕ್ಕೊಮ್ಮೆ ಏರು ಹೆಚ್ಚಿಸುತ್ತೇವೆ. 10ಕ್ಕೆ ಇಷ್ಟು ಅಂತ ಅವರು ಕೊಡುವ ತೊಂದರೆಯ ಅಂಕ ಶುರುವಿಗಿಂತ 3 ಏರಿದಾಗ ನಿಲ್ಲಿಸಿ ನಾಡಿಬಡಿತ ನೋಡುತ್ತೇವೆ. ಅದು 130 ಇದ್ದರೆ, ಅದರ 80ರಿಂದ 90 ಶೇಕಡಾ, ಅಂದರೆ 104ರಿಂದ 117ರ ಒಳಗೆ ದಿನಕ್ಕೆ 20 ನಿಮಿಷ, ವಾರಕ್ಕೆ ಐದಾರು ದಿನ. ಒಂದೆರಡು ವಾರಕ್ಕೊಮ್ಮೆ 5ರಿಂದ 10 ಬಡಿತ ಏರಿಸುವುದು. ಕೈಗೆ ಕಟ್ಟುವ ಸ್ಮಾರ್ಟ್ ವಾಚ್ ಇದ್ದರೆ ಸಾಕು. ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಸಮತಟ್ಟಾದ ದಾರಿ ಹಿಡಿದು ನಡೆಯಲಿ, ಬಂಡೆ ಹತ್ತುವುದು ಆಮೇಲೆ. ಚಪ್ಪಡಿ ಎದ್ದ ಫುಟ್‌ಪಾತ್ ಈಗ ಬೇಡ. ಹೆಜ್ಜೆ ಇಟ್ಟರೆ ತಲೆ ಅದುರಿದಂತಾದರೆ ನಿಂತಲ್ಲೇ ತುಳಿಯುವ ಸೈಕಲ್.

ಎಲ್ಲ ಕೆಲಸಕ್ಕೂ ಒಂದೇ ನಿಯಮ: ತೊಂದರೆಯ ಅಂಕ ಶುರುವಿಗಿಂತ 2ರ ತನಕ ಏರಿ, ಒಂದು ಗಂಟೆಯೊಳಗೆ ಇಳಿದರೆ ಸರಿ, ಮುಂದುವರಿಸಿ. ಅದಕ್ಕಿಂತ ಹೆಚ್ಚಾದರೆ ನಾಳೆ ಕಡಿಮೆ ಮಾಡಿ, ಆದರೆ ಬಿಡಬೇಡಿ. ಜನ ತಪ್ಪುವುದು ಇಲ್ಲೇ. ಚೆನ್ನಾಗಿದ್ದ ದಿನ ಮನೆ ಕೆಲಸವೆಲ್ಲ ಮುಗಿಸಿ, ಮರುದಿನದಿಂದ ಮೂರು ದಿನ ಮಲಗುತ್ತಾರೆ.

ಕಣ್ಣಿಗೆ: ಪೆನ್ನಿನ ತುದಿಯನ್ನು ಮೂಗಿನ ಕಡೆ ಮೆಲ್ಲಗೆ ತನ್ನಿ. ಎರಡಾಗಿ ಕಾಣುವುದು ಸುಮಾರು 6 ಸೆಂಟಿಮೀಟರ್ ಒಳಗೆ ಬಂದ ಮೇಲಾದರೆ ತೊಂದರೆ ಇಲ್ಲ. 10 ಸೆಂಟಿಮೀಟರಿಗಿಂತ ದೂರದಲ್ಲೇ ಎರಡಾದರೆ ಕಣ್ಣಿನ ಡಾಕ್ಟರಿಗೆ ‘ಕನ್ವರ್ಜೆನ್ಸ್ (ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಒಳಕ್ಕೆ ತಿರುಗುವುದು) ನೋಡಿ’ ಅಂತ ಬಾಯಿ ಬಿಟ್ಟು ಹೇಳಿ. ಬರೀ ಕನ್ನಡಕದ ಪವರ್ ನೋಡಿದರೆ ಇದು ಸಿಗುವುದಿಲ್ಲ.

ಪ್ರಶ್ನೆ (ಅವರೇ): ಥ್ಯಾಂಕ್ಸ್ ಮೇಡಂ, ಸರ್. ಆಫೀಸು ಮಾರತ್ತಹಳ್ಳಿ ಕಡೆ. ಯಾವಾಗ ಕಳಿಸಬಹುದು?

ಉತ್ತರ (ಫಿಸಿಯೋಥೆರಪಿಸ್ಟ್): ಪೂರ್ತಿ ವಾಸಿಯಾಗಲಿ ಅಂತ ಕಾಯಬೇಡಿ. ಮೊದಲು ಮನೆಯಿಂದಲೇ ಎರಡು ಗಂಟೆ, ಆಮೇಲೆ ಅರ್ಧ ದಿನ. 25 ನಿಮಿಷ ಕೆಲಸ, 5 ನಿಮಿಷ ಕಣ್ಣು ದೂರಕ್ಕೆ. ನೋವು ಶುರುವಾದ ಮೇಲೆ ಅಲ್ಲ, ಮೊದಲೇ ಏಳಬೇಕು. ಬೇಗ ಬೇಗ ಸ್ಕ್ರೋಲ್ ಮಾಡುವುದು ಓದುವುದಕ್ಕಿಂತ ಹೆಚ್ಚು ಕಾಡುತ್ತದೆ, ಪುಟ ಪುಟವಾಗಿ ಸರಿಸಲಿ. ನೈಟ್ ಶಿಫ್ಟ್ ಸದ್ಯ ಬೇಡ ಅಂತ ಡಾಕ್ಟರ್ ಚೀಟಿ ಕೊಡಿ. ರಿಂಗ್ ರೋಡ್ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ದೂರ ನೋಡಲಿ, ಮೊಬೈಲ್ ಜೇಬಿನಲ್ಲಿರಲಿ. ಸ್ಕೂಟರ್ ಮಾತ್ರ ಈಗಲೇ ಬೇಡ. ತಲೆಯನ್ನು ಎಡಕ್ಕೆ ಬಲಕ್ಕೆ ಥಟ್ಟನೆ ತಿರುಗಿಸಿದರೂ ಸುತ್ತು ಬಾರದ ಮೇಲೆ, ಡಾಕ್ಟರ್ ಒಪ್ಪಿದ ಮೇಲೆ.

ಪ್ರಶ್ನೆ (ಮಲ್ಲೇಶ್ವರ): ನಮ್ಮತ್ತೆಗೆ 71. ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ತಲೆ ಗೋಡೆಗೆ ಬಡೀತು. ಆಗ ಏನೂ ಆಗಿರಲಿಲ್ಲ. ಹಾರ್ಟಿಗೆ ಸ್ಟೆಂಟ್ ಹಾಕಿದಾರೆ, ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಗೋತಾರೆ. ನಾಲ್ಕು ದಿನದಿಂದ ಹಗಲೆಲ್ಲ ನಿದ್ದೆ, ನಡೆದರೆ ಎಡಕ್ಕೆ ವಾಲ್ತಾರೆ. ಇದೂ ಕನ್ಕಷನ್ನೇನಾ?

ಉತ್ತರ (ನರರೋಗ ತಜ್ಞೆ): ಕನ್ಕಷನ್ ಅಂತ ಬಿಡಬೇಡಿ ಅಮ್ಮ. ಈಗಲೇ ಹೊರಡಿ. ವಯಸ್ಸಾದವರಲ್ಲಿ ಮೆದುಳಿನ ಹೊರಪೊರೆಯ ಕೆಳಗೆ ರಕ್ತ ಮೆಲ್ಲಗೆ ಜಿನುಗಿ, ವಾರಗಳ ಮೇಲೆ ಹೀಗೆ ಕಾಣಿಸಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಭಯ ಹೆಚ್ಚು. ಸಿಟಿ ಸ್ಕ್ಯಾನಿನಲ್ಲಿ ತಿಳಿಯುತ್ತದೆ, ಬೇಕಾದರೆ ಆಪರೇಷನ್ ಮಾಡಿ ರಕ್ತ ತೆಗೆದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ನ್ಯೂರೋಸರ್ಜರಿ ಇರುವ ಹತ್ತಿರದ ಆಸ್ಪತ್ರೆ ಆಗಲಿ, ಹೊಸೂರು ರಸ್ತೆಯ ನಿಮ್ಹಾನ್ಸ್ ಎಮರ್ಜೆನ್ಸಿ ಆಗಲಿ. ಗಾಡಿ ಇಲ್ಲದಿದ್ದರೆ 108. ಮಾತ್ರೆಗಳ ಚೀಟಿ ಜೊತೆಗಿರಲಿ. ಸ್ಟೆಂಟ್ ಇರುವುದರಿಂದ ಆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಅಲ್ಲಿನ ಡಾಕ್ಟರ್ ನಿರ್ಧರಿಸಲಿ.

ಪ್ರಶ್ನೆ (ಮಲ್ಲೇಶ್ವರ): ಹೊರಟ್ವಿ ಮೇಡಂ.

ಪ್ರಶ್ನೆ (ವಿಜಯನಗರ): ನಮ್ಮೆಜಮಾನ್ರಿಗೆ ತಲೆಗೆ ಪೆಟ್ಟಾದಾಗಿಂದ ಸಣ್ಣ ಮಾತಿಗೂ ರೇಗ್ತಾರೆ, ಆಮೇಲೆ ಅಳ್ತಾರೆ.

ಉತ್ತರ (ನರರೋಗ ತಜ್ಞೆ): ಇದೂ ಪೆಟ್ಟಿನ ಭಾಗವೇ. ನಿದ್ದೆ, ನೋವು ಹತೋಟಿಗೆ ಬಂದರೆ ಅರ್ಧ ಇಳಿಯುತ್ತದೆ. ಎರಡು ವಾರ ಮೀರಿ ಹೀಗೇ ಇದ್ದರೆ ಖಿನ್ನತೆ ಅಂತಲೇ ಚಿಕಿತ್ಸೆ ಬೇಕು, ಅದಕ್ಕೆ ಔಷಧ ಇದೆ. ಬದುಕು ಬೇಡ ಅನ್ನುವ ಮಾತು ಬಂದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆತನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ (ರಾಜಾಜಿನಗರ): ಮಗಳು ಒಂಬತ್ತನೇ ಕ್ಲಾಸು, ಕಬಡ್ಡಿಯಲ್ಲಿ ತಲೆ ತಾಗಿತ್ತು. ಈಗ ಆರಾಮ್ ಅಂತಾಳೆ. ಮುಂದಿನ ವಾರ ಮ್ಯಾಚಿದೆ.

ಉತ್ತರ (ಫಿಸಿಯೋಥೆರಪಿಸ್ಟ್): ಮೊದಲು ಪೂರ್ತಿ ದಿನದ ಶಾಲೆ ತಲೆನೋವಿಲ್ಲದೆ ನಡೆಯಬೇಕು, ಆಟ ಆಮೇಲೆ. ನಡಿಗೆ, ಸಾಧಾರಣ ಓಟ, ಒಬ್ಬಳೇ ಮಾಡುವ ಕಬಡ್ಡಿ ಕಸರತ್ತು ಅಂತ ಹಂತ ಹಂತವಾಗಿ, ಹಂತಕ್ಕೆ ಕನಿಷ್ಠ 24 ಗಂಟೆ. ಓಟದಲ್ಲೂ ಲಕ್ಷಣ ಬರುತ್ತಿಲ್ಲ ಅಂತ ಖಾತ್ರಿಯಾಗಿ ಡಾಕ್ಟರ್ ಸಹಿ ಹಾಕಿದ ಮೇಲೆ ತಂಡದ ಜೊತೆ ಹಿಡಿತ, ತಳ್ಳಾಟದ ಅಭ್ಯಾಸ, ಕೊನೆಗೆ ಮ್ಯಾಚು. ಮಕ್ಕಳು ಆಡುವ ಆಸೆಗೆ ‘ಆರಾಮ್’ ಅಂದುಬಿಡುತ್ತಾರೆ, ಆದ್ದರಿಂದ ಪ್ರತಿ ಹಂತದ ಮರುದಿನ ಬೆಳಿಗ್ಗೆ ತಲೆನೋವು, ಸುತ್ತು, ನಿದ್ದೆ ಮೂರನ್ನೂ ಬೇರೆ ಬೇರೆ ಕೇಳಿ. ಮುಂದಿನ ವಾರದ ಮ್ಯಾಚಿಗೆ ಬೇರೆ ಹುಡುಗಿಯನ್ನು ಇಳಿಸಿ ಅಂತ ಪಿ.ಟಿ. ಮೇಷ್ಟರಿಗೆ ಇವತ್ತೇ ಹೇಳಿಬಿಡಿ.