ಐರ್ಲೆಂಡಿನಲ್ಲಿ ಆಗ ಎಲ್ಲಿ ನೋಡಿದರೂ ಫೋರ್ಡ್ ಯಾಕೆ?

ಹಳೇಗಾಡಿ:
ಕೆಲಸದ ಮೇಲೆ ಐರ್ಲೆಂಡಿನ ಕಾರ್ಕ್‌ಗೆ ಬಂದಿದ್ದೇನೆ. ಭಾನುವಾರ ಇಲ್ಲಿ ಹಳೇ ಕಾರುಗಳ ಮೇಳ ಇತ್ತು. 60–70ರ ದಶಕದ ಸಾಲಿನ ತುಂಬಾ ಫೋರ್ಡ್ ಕಾರ್ಟಿನಾ, ಎಸ್ಕಾರ್ಟ್, ಬಿಟ್ಟರೆ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್. ಆಗ ಈ ದೇಶದ ಜನಸಂಖ್ಯೆ 30 ಲಕ್ಷದ ಆಸುಪಾಸು. ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಇವೇ ಕಂಪನಿಗಳು ಹೇಗೆ ಬೇರು ಬಿಟ್ಟವು? ಬೆಲೆಯೋ, ಜನರ ಇಷ್ಟವೋ?

ಸ್ಪ್ಯಾನರ್:
ಮುಖ್ಯವಾಗಿ ಸುಂಕ. 1930ರ ದಶಕದಿಂದ ಇಲ್ಲಿನ ಸರ್ಕಾರ ಪೂರ್ತಿ ತಯಾರಾದ ಕಾರಿನ ಮೇಲೆ ಭಾರೀ ಸುಂಕ ಹಾಕಿತ್ತು, ಬಿಡಿಭಾಗ ತಂದು ಇಲ್ಲೇ ಜೋಡಿಸಿದರೆ ಕಡಿಮೆ. ಹಾಗಾಗಿ ಮರದ ಪೆಟ್ಟಿಗೆಗಳಲ್ಲಿ ಎಂಜಿನ್, ಬಾಡಿಯ ತಗಡು ಎಲ್ಲ ಬರುತ್ತಿತ್ತು, ಇಲ್ಲಿ ವೆಲ್ಡಿಂಗ್ ಮಾಡಿ, ಬಣ್ಣ ಹೊಡೆದು, ಟೈರು, ಬ್ಯಾಟರಿಯಂಥವನ್ನು ಇಲ್ಲಿನದೇ ಹಾಕಿ ಕಾರು ಹೊರಗೆ ಬಿಡುತ್ತಿದ್ದರು. ಜರ್ಮನಿಯ ಹೊರಗೆ ಬೀಟಲ್ ಮೊದಲು ಜೋಡಿಸಿದ್ದೇ ಡಬ್ಲಿನ್‌ನಲ್ಲಿ, 1950ರಲ್ಲಿ, ಶೆಲ್ಬರ್ನ್ ರೋಡಿನಲ್ಲಿ! ಇಲ್ಲಿ ಯಾರು ಜೋಡಿಸುತ್ತಾರೋ ಅವರದ್ದೇ ಮಾರಾಟ. ನಮ್ಮಲ್ಲಿ ಅಂಬಾಸಡರ್, ಪದ್ಮಿನಿ ಬಿಟ್ಟರೆ ಬೇರೆ ಗತಿ ಇಲ್ಲದ ಕಾಲ ಇತ್ತಲ್ವಾ, ಅದರ ಹಾಗೇ. ಇಲ್ಲಿ ಆಯ್ಕೆ ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ.

ಲೀ ನದಿ ದಂಡೆ:
ಸುಂಕ ಸರಿ, ಆದರೆ ಕಾರ್ಕ್ ವಿಷಯ ಬೇರೆ. ಹೆನ್ರಿ ಫೋರ್ಡ್ ಅಪ್ಪ ಇದೇ ಜಿಲ್ಲೆಯ ಬ್ಯಾಲಿನಸ್ಕಾರ್ತಿ ಊರಿನವರು, ಆಲೂಗಡ್ಡೆ ಬರಗಾಲದಲ್ಲಿ, 1847ರಲ್ಲಿ, ಅಮೆರಿಕಕ್ಕೆ ಹೋದವರು. ಆ ಊರಲ್ಲಿ ಈಗಲೂ ರಸ್ತೆ ಪಕ್ಕ ಫೋರ್ಡಿನ ಹಳೇ ಕಾರು ಮಾಡೆಲ್ ಟಿಯ ಸ್ಟೀಲಿನ ಪ್ರತಿಕೃತಿ ನಿಲ್ಲಿಸಿದ್ದಾರೆ, ಹೋಗಿ ನೋಡಿ. ಫೋರ್ಡ್ ಕಂಪನಿ 1917ರಲ್ಲಿ ಕಾರ್ಕ್‌ಗೆ ಬಂತು, 1919ರಲ್ಲಿ ಮೊದಲು ಹೊರಬಂದಿದ್ದು ಟ್ರ್ಯಾಕ್ಟರ್. ನದಿ ಪಕ್ಕದ ಮರೀನಾ ಅನ್ನೋ ಜಾಗದಲ್ಲಿ ಆಗ ಫೋರ್ಡ್, ಅದರ ಬಗಲಲ್ಲೇ ಡನ್‌ಲಪ್ ಟೈರ್ ಕಾರ್ಖಾನೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ, ಚಿಕ್ಕಪ್ಪ, ಅಣ್ಣ ಎಲ್ಲ ಈ ಎರಡರಲ್ಲೇ ಕೆಲಸ. ಅಂಥ ಮನೆಯವರು ಬೇರೆ ಕಾರು ತೊಗೋತಾರಾ? ಹಳೇ ನಂಬರ್ ಪ್ಲೇಟಿನಲ್ಲಿ ಝಡ್‌ಎಫ್ ಅಥವಾ ಪಿಐ ಇದ್ದರೆ ಅದು ಕಾರ್ಕ್ ನಗರದ ಗಾಡಿ, ಗಮನಿಸಿ.

ಹಳೇಗಾಡಿ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಆ ಫೋರ್ಡ್ ಕಾರ್ಖಾನೆ ಈಗಿಲ್ಲವಲ್ಲ, ಹಾಗಾದರೆ ಅದು ಯಾಕೆ ನಿಂತಿತು?

ಸ್ಪ್ಯಾನರ್:
1973ರಲ್ಲಿ ಐರ್ಲೆಂಡ್ ಯುರೋಪಿಯನ್ ಸಮುದಾಯಕ್ಕೆ (ಈಗಿನ ಯುರೋಪಿಯನ್ ಒಕ್ಕೂಟ) ಸೇರಿತು. ಇಲ್ಲಿನ ಜೋಡಣೆಗೆ ಕೊಟ್ಟಿದ್ದ ಆ ರಕ್ಷಣೆ 1984ರ ಕೊನೆಗೆ ಮುಗಿಯಬೇಕು ಅಂತ ಆಗಲೇ ತೀರ್ಮಾನ. ಅದೇ 1973ರಲ್ಲಿ ಟೊಯೋಟಾ ಕೂಡ ಇಲ್ಲಿಗೆ ಬಂತು. ದೊಡ್ಡ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಕಾರಿನ ಮುಂದೆ ಇಲ್ಲಿ ಸಣ್ಣ ಲೆಕ್ಕದಲ್ಲಿ ಜೋಡಿಸುವುದು ಹೇಗೆ ಗಿಟ್ಟುತ್ತದೆ?

ಲೀ ನದಿ ದಂಡೆ:
ಗಿಟ್ಟಲಿಲ್ಲ ನಿಜ, ಆದರೆ ಊರು ಅನುಭವಿಸಿದ್ದನ್ನೂ ಹೇಳಬೇಕು. 1983ರಲ್ಲಿ ಡನ್‌ಲಪ್ ಮುಚ್ಚಿತು. 1984ರ ಜುಲೈನಲ್ಲಿ ಕೊನೆಯ ಸಿಯೆರಾ ಕಾರು ಹೊರಬಂದು ಫೋರ್ಡ್ ಬಾಗಿಲು ಹಾಕಿತು, ಸುಮಾರು 800 ಜನರ ಕೆಲಸ ಹೋಯಿತು. ಅದೇ ವರ್ಷ ಪಕ್ಕದ ಕೋವ್‌ನ ವೆರೋಲ್ಮೆ ಹಡಗುಕಟ್ಟೆಯೂ ಹೋಯಿತು. ಫೋರ್ಡ್ ಕಾರು ಮಾರುವುದು ಮಾತ್ರ ನಿಲ್ಲಲಿಲ್ಲ, ಅವು ಆಮೇಲೆ ಹೊರಗಿನಿಂದ ಪೂರ್ತಿ ತಯಾರಾಗಿಯೇ ಬಂದವು.