ಕಾಳುಮೆಣಸಿನ ಬುಡದ ಮಣ್ಣಲ್ಲಿ ಸೊರಗು ರೋಗಾಣು ಫೈಟಾಫ್ಥೋರ ಸಿಗ್ತಾನೇ ಇಲ್ಲ, ಬಳ್ಳಿ ಮಾತ್ರ ಸಾಯ್ತಿದೆ

ಬಳ್ಳಿಬುಡ:
ಮೂರನೇ ಸಲವೂ ಸೊನ್ನೆ. ಸೊರಗಿದ 12 ಬಳ್ಳಿಗಳ ಬುಡದ ಮಣ್ಣು, 50 ಗ್ರಾಂಗೆ 200 ಮಿ.ಲೀ. ನೀರು, ಮೇಲೆ ಮೆಣಸಿನ ಎಲೆಯ ಬಿಲ್ಲೆ ತೇಲಿಬಿಟ್ಟು 72 ಗಂಟೆ ಕಾದೆ. ರೋಗಾಣು ಇದ್ದಿದ್ರೆ ಬಿಲ್ಲೆಗೆ ಹತ್ತಿ ಕಪ್ಪಾಗಬೇಕಿತ್ತು, ಆದ್ರೆ ಹಸಿರಾಗೇ ಇದೆ! ತೋಟದಲ್ಲಿ ನೋಡಿದ್ರೆ ಬಳ್ಳಿ ಎಲೇಲಿ ಕಪ್ಪು ಮಚ್ಚೆ, ಬುಡ ಕೊಳೆತು ನಾರ್ತಿದೆ. ಶೀಘ್ರ ಸೊರಗು ರೋಗ ಅನ್ನೋದರಲ್ಲಿ ಅನುಮಾನ ಇಲ್ಲ. ಎಲ್ಲಿ ತಪ್ತಿದೆ?

ಶೆಡ್‌ಲ್ಯಾಬ್:
ನಲ್ಲಿ ನೀರಾ? ಕ್ಲೋರಿನ್ ತಾಗಿದ್ರೆ ನೀರಲ್ಲಿ ಈಜಿ ಎಲೆಗೆ ಹತ್ತೋ ಫೈಟಾಫ್ಥೋರದ ಬೀಜಕಣ ಉಳಿಯಲ್ಲ. ಡಿಸ್ಟಿಲ್ಡ್ ಹಾಕಿ.

ಬಳ್ಳಿಬುಡ:
ಬಾವಿ ನೀರು ಸರ್.

ಶೆಡ್‌ಲ್ಯಾಬ್:
ಮಳೆಗಾಲದಲ್ಲಿ ಬಾವಿಗೂ ಬ್ಲೀಚಿಂಗ್ ಪೌಡರ್ ಹಾಕ್ತಾರೆ. ಒಂದು ದಿನ ತೆರೆದಿಟ್ಟು ಮತ್ತೆ ಮಾಡಿ ನೋಡಿ.

ಕೊಳೆಬೇರು:
ನೀರಿನ ಮಾತು ಸಾಕು. ಬಿಲ್ಲೆ ಬಿಟ್ಟು ಅಲ್ಬಿಜಿಯಾ ಮರದ ಕಿರುಎಲೆ ತೇಲಿಬಿಡಿ. ತೆಳು ಇರೋದ್ರಿಂದ ಅಂಚಲ್ಲಿ ಮೂಡಿದ ಬೀಜಕೋಶ (ಬೀಜಕಣ ತುಂಬಿದ ಚೀಲ) ಸೂಕ್ಷ್ಮದರ್ಶಕದ 100 ಪಟ್ಟಿನಲ್ಲೇ ನೇರ ಕಾಣುತ್ತೆ. ತುದೀಲಿ ಮೊಲೆತೊಟ್ಟಿನಂಥ ಉಬ್ಬು, ಉದ್ದ ತೊಟ್ಟಿನ ಸಮೇತ ಕಳಚಿಕೊಂಡಿದ್ರೆ ಬಹುತೇಕ ಫೈಟಾಫ್ಥೋರ ಕ್ಯಾಪ್ಸಿಸಿ, ಮೆಣಸು ಸೊರಗಿಸೋ ಜಾತಿ.

ಶೆಡ್‌ಲ್ಯಾಬ್:
ಮಣ್ಣಲ್ಲಿರೋ ಇನ್ನೊಂದು ಬೇರುಕೊಳೆ ರೋಗಾಣು ಪಿಥಿಯಮ್ ಎಲೆಗೆ ಮೊದಲು ಹತ್ತಿಬಿಡುತ್ತಲ್ಲ? ಪಿಎಆರ್‌ಪಿ ತಟ್ಟೆಗೆ (ಬೇರೆ ಸೂಕ್ಷ್ಮಜೀವಿ ತಡೆದು ಫೈಟಾಫ್ಥೋರ ಬೆಳೆಸೋ ತಟ್ಟೆ) ಪಿಥಿಯಮ್ ತಡೆಯೋ ಹೈಮೆಕ್ಸಜೋಲ್ ಲೀಟರಿಗೆ 50 ಮಿ.ಗ್ರಾಂ ಸೇರಿಸಲೇಬೇಕು.

ಕೊಳೆಬೇರು:
"ಲೇಬೇಕು" ಅನ್ನಬೇಡಿ. ಫೈಟಾಫ್ಥೋರದ ಕೆಲವು ತಳಿಗಳನ್ನೂ ಅದು ಅದುಮುತ್ತೆ. ಹಾಕಿದ್ದು, ಹಾಕದ್ದು ಎರಡೂ ತಟ್ಟೆ ಜೊತೆಗಿಡಿ.

ಮಣ್ಣುಕೈ:
ಮಣ್ಣು ಹೇಗೆ ತಂದ್ರಿ ಅಂತ ಯಾರೂ ಕೇಳಲಿಲ್ಲ.

ಬಳ್ಳಿಬುಡ:
ಎಲ್ಲರೂ ಮಾಡೋ ಹಾಗೇ. ನೆರಳಲ್ಲಿ ನಾಲ್ಕು ದಿನ ಒಣಗಿಸಿ, 2 ಮಿ.ಮೀ. ಜರಡಿ ಹಿಡಿದೆ.

ಮಣ್ಣುಕೈ:
ಅದು ಎನ್‌ಪಿಕೆ ಪರೀಕ್ಷೆಯ ಕ್ರಮ! ಒಣಗಿಸಿದ್ರೆ ಫೈಟಾಫ್ಥೋರದ ನೂಲಿನಂಥ ಎಳೆ, ಬೀಜಕೋಶ ಸಾಯುತ್ತೆ. ಬದುಕಿ ಉಳಿಯೋದು ಕೊಳೆತ ಬೇರಿನ ಚೂರಿನೊಳಗೆ, ಅದನ್ನ ಜರಡೀಲಿ ಎಸೆದಿದ್ದೀರಿ. ಪೂರ್ತಿ ಸತ್ತ ಬಳ್ಳಿ ಬಿಡಿ. ಈಗಷ್ಟೇ ಹಳದಿಯಾಗ್ತಿರೋ ಬಳ್ಳಿ ಬುಡದಲ್ಲಿ ತರಗು ಸರಿಸಿ, 5ರಿಂದ 15 ಸೆಂ.ಮೀ. ಆಳದ ಹಸಿಮಣ್ಣು ಎಳೆಬೇರಿನ ಸಮೇತ ತೆಗೀರಿ. ಫ್ರಿಜ್ ಬೇಡ, ಬಿಸಿಲೂ ಬೇಡ, ಮರುದಿನದೊಳಗೆ ಹಾಕಿಬಿಡಿ.

ಇದೆ, ಇಲ್ಲ ಅನ್ನೋದಲ್ಲದೆ ಎಷ್ಟಿದೆ ಅಂತ ಬೇಕಾದ್ರೆ 10 ಗ್ರಾಂ ಮಣ್ಣನ್ನ 90 ಮಿ.ಲೀ. ನೀರಲ್ಲಿ ಕಲಸಿ, ಅಲ್ಲಿಂದ ಹತ್ತು ಪಟ್ಟು ತೆಳು ಮಾಡ್ತಾ ಹೋಗಿ. ಒಂದೊಂದು ಹಂತಕ್ಕೆ 5 ಲೋಟ, ಪ್ರತಿಯೊಂದರಲ್ಲೂ ಎಲೆ ತೇಲಿಬಿಡಿ. ಎಷ್ಟು ಲೋಟದಲ್ಲಿ ಎಲೆಗೆ ಹತ್ತಿತು ಅನ್ನೋದನ್ನ ಎಂಪಿಎನ್ (ಅತ್ಯಂತ ಸಂಭವನೀಯ ಸಂಖ್ಯೆ) ಕೋಷ್ಟಕಕ್ಕೆ ಹಾಕಿ. ಅದೇ ಮಣ್ಣಿನ ಬೇರೆ 10 ಗ್ರಾಂ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ತೂಗಿ. ಒಣತೂಕ ಇಲ್ಲದೆ ಎರಡು ತೋಟದ ಲೆಕ್ಕ ಹೋಲಿಸೋಕಾಗಲ್ಲ.

ಬಳ್ಳಿಬುಡ:
ನಾಳೆನೇ ತೆಗೀತೀನಿ. ಹದಿನೈದು ದಿನದ ಹಿಂದೆ ಬುಡಕ್ಕೆ ಶೇ. 0.2 ಕಾಪರ್ ಆಕ್ಸಿಕ್ಲೋರೈಡ್ ಸುರಿದಿದೆ, ತೊಂದರೆ ಇಲ್ಲ ತಾನೆ?

ಮಣ್ಣುಕೈ:
ಇದನ್ನ ಮೊದಲೇ ಹೇಳಬೇಕಿತ್ತು. ತಾಮ್ರ ಈಜೋ ಬೀಜಕಣವನ್ನ ಕೊಲ್ಲುತ್ತೆ. ಬೇರಿನೊಳಗೆ ರೋಗ ಇದ್ರೂ ನಿಮ್ಮ ಎಲೆ ಹಸಿರಾಗೇ ಉಳಿಯಬಹುದು. ಔಷಧಿ ಸುರಿಯದ ಸಾಲು ಯಾವುದಾದ್ರೂ ಇದೆಯಾ?